ಸುಳ್ಳು ಹೇಳದ ಮುಳ್ಳು

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ 2020ರ ಆವೃತ್ತಿ ಬಂದಾಗ ಹೊಗಳಿದವರೆಲ್ಲ ಹೊಗಳಿದ್ದು ಕಿಟಕಿಯಾಚೆಗಿನ ನೋಟವನ್ನು. ಬಿಂಗ್ ನಕ್ಷೆಯ ಚಿತ್ರಗಳಿಂದ ಕಟ್ಟಿದ ಇಡೀ ಭೂಮಿ, ಆ ಹೊತ್ತಿನ ನಿಜವಾದ ಹವೆ, ನಂಬುವಂಥ ಮೋಡ. ಕೊಂಡವರಲ್ಲಿ ಹೆಚ್ಚಿನವರು ಮೊದಲು ಮಾಡಿದ ಕೆಲಸ ತಮ್ಮ ಮನೆಯ ತಾರಸಿ ಹುಡುಕುವುದು. ತಪ್ಪೇನಿಲ್ಲ. ಆದರೆ ವಿಮಾನ ನಡೆಸುವ ವಿದ್ಯೆಯ ದೊಡ್ಡ ಪಾಲು ಬಳಕೆಗೆ ಬರುವುದು ಕಿಟಕಿಯಾಚೆ ಏನೂ ಕಾಣದಿದ್ದಾಗ. ಆಗ ಉಳಿಯುವುದು ಪ್ಯಾನೆಲ್ಲಿನ ಮೂಲೆಯ ಒಂದೆರಡು ದುಂಡು ಡಯಲ್ಲು, ಅವುಗಳೊಳಗಿನ ಮುಳ್ಳು, ನೆಲದ ಮೇಲೆಲ್ಲೋ ನಿಂತ ರೇಡಿಯೊ ಸ್ಟೇಷನ್ನು. ಈ ವಿದ್ಯೆಯನ್ನು ಮನೆಯ ಮೇಜಿನ ಮುಂದೆ ಕೂತು ಕಲಿಯಬಹುದೇ? ಅರ್ಧವನ್ನು ಯಾವ ತರಗತಿಗಿಂತಲೂ ಚೆನ್ನಾಗಿ ಕಲಿಯಬಹುದು. ಉಳಿದರ್ಧ ಈ ತಂತ್ರಾಂಶದೊಳಗೆ ಇಲ್ಲವೇ ಇಲ್ಲ. ಇಲ್ಲ ಎನ್ನುವುದು ಕಲಿಯುವವನಿಗೆ ಗೊತ್ತಾಗುವುದೂ ಇಲ್ಲ.

ಮೊದಲು ಒಳ್ಳೆಯ ಅರ್ಧ. ವಿಒಆರ್ ಸ್ಟೇಷನ್ನು 108ರಿಂದ 118 ಮೆಗಾಹರ್ಟ್ಸ್ ನಡುವೆ ಎರಡು ಸಂಕೇತ ಕಳಿಸುತ್ತದೆ. ಒಂದು ಎಲ್ಲ ದಿಕ್ಕಿಗೂ ಒಂದೇ ಸಮ. ಇನ್ನೊಂದು ಸೆಕೆಂಡಿಗೆ 30 ಸುತ್ತು ತಿರುಗುತ್ತದೆ. ಎರಡರ ನಡುವಿನ ಅಂತರವನ್ನು ಅಳೆದು ವಿಮಾನದ ರಿಸೀವರು ತಾನು ಸ್ಟೇಷನ್ನಿನ ಯಾವ ದಿಕ್ಕಿನಲ್ಲಿದ್ದೇನೆಂದು ಹೇಳುತ್ತದೆ. ಇಷ್ಟನ್ನು ಪುಸ್ತಕವೂ ಹೇಳುತ್ತದೆ. ಪುಸ್ತಕ ಎಷ್ಟು ಹೇಳಿದರೂ ತಲೆಗಿಳಿಯದ ಸಂಗತಿ ಬೇರೆ: ನಿಮ್ಮ ವಿಮಾನದ ಮೂತಿ ಎತ್ತ ತಿರುಗಿದೆ ಎನ್ನುವುದು ಆ ಮುಳ್ಳಿಗೆ ಸಂಬಂಧವೇ ಇಲ್ಲದ ವಿಷಯ. ಅದಕ್ಕೆ ಗೊತ್ತಿರುವುದು ನೀವು ಎಲ್ಲಿದ್ದೀರಿ ಎಂಬುದಷ್ಟೆ. ಸ್ಟೇಷನ್ನಿನ ಕಡೆಗೆ ಹೋಗುತ್ತಿರುವಾಗ ಡಯಲ್ಲಿನಲ್ಲಿ ‘ಫ್ರಮ್’ ಬಾವುಟ ಬರುವಂತೆ ಗುಂಡಿ ತಿರುಗಿಸಿಟ್ಟರೆ, ಮುಳ್ಳು ತೋರಿದ ಕಡೆ ತಿರುಗಿದಷ್ಟೂ ದಾರಿ ದೂರವಾಗುತ್ತದೆ. ಸಿಮ್ಯುಲೇಟರಿನಲ್ಲಿ ಇದನ್ನು ಬೇಕೆಂದೇ ಮಾಡಿ, ನಕ್ಷೆ ತೆರೆದು, ತನ್ನ ಗೆರೆ ಎತ್ತ ಓಡಿತೆಂದು ನೋಡಿದವನಿಗೆ ಆ ಪಾಠ ಮರೆಯುವುದಿಲ್ಲ. ನಮ್ಮಲ್ಲಿ ಡಿಜಿಸಿಎ ನಡೆಸುವ ಏರ್ ನ್ಯಾವಿಗೇಷನ್ ಪರೀಕ್ಷೆಗೆ ಗೈಡುಗಳನ್ನು ಉರು ಹೊಡೆಯುವ ಹುಡುಗ ಹುಡುಗಿಯರಿಗೆ ಇಂಥ ಒಂದು ಸಂಜೆ ಸಿಕ್ಕರೆ ಎಷ್ಟೋ ಪುಟಗಳ ಭಾರ ಇಳಿಯುತ್ತದೆ.

ಈಗ ದಾರಿ ಹಾಕುವ ಮಾತು. ಸಿಮ್ಯುಲೇಟರಿನ ಹಳಬರಿಗೆ ಅಮೆರಿಕದ ವಾಯವ್ಯ ಮೂಲೆ ಚಿರಪರಿಚಿತ. ಸಿಯಾಟಲ್‌ನಿಂದ ಪೋರ್ಟ್‌ಲ್ಯಾಂಡಿಗೆ ಒಂದು ಸೆಸ್ನಾ 172 ಒಯ್ಯಬೇಕೆನ್ನಿ. ನೇರ ಹೋದರೆ ಸುಮಾರು 110 ನಾಟಿಕಲ್ ಮೈಲಿ. ವಿಒಆರ್‌ನಿಂದ ವಿಒಆರ್‌ಗೆ ಹೋಗುವುದಾದರೆ ಸಿಯಾಟಲ್ (116.8), ಒಲಿಂಪಿಯಾ (113.4), ಬ್ಯಾಟಲ್ ಗ್ರೌಂಡ್ (116.6), ಅಲ್ಲಿಂದ ಪೋರ್ಟ್‌ಲ್ಯಾಂಡ್. ಸಿಯಾಟಲ್‌ನಿಂದ ಒಲಿಂಪಿಯಾಗೆ ಭೂಪಟದ ಮೇಲಿನ ದಿಕ್ಕು ಸುಮಾರು 221 ಡಿಗ್ರಿ. ಆ ಸೀಮೆಯಲ್ಲಿ ದಿಕ್ಸೂಚಿ ನಿಜವಾದ ಉತ್ತರದಿಂದ ಸುಮಾರು 15 ಡಿಗ್ರಿ ಪೂರ್ವಕ್ಕೆ ವಾಲುತ್ತದೆ, ಕಳೆದರೆ 206. ಒಲಿಂಪಿಯಾದಿಂದ ಬ್ಯಾಟಲ್ ಗ್ರೌಂಡಿಗೆ 170, ಕಳೆದರೆ 155. ಕಣ್ಣಿನ ನೋಟ ನಂಬಿ ಹಾರುವವರು ದಿಕ್ಸೂಚಿಯ ಪ್ರಕಾರ 0ಯಿಂದ 179ರವರೆಗಿನ ದಾರಿಯಲ್ಲಿ ಬೆಸ ಸಾವಿರದ ಮೇಲೆ 500 ಅಡಿ, 180ರಿಂದ 359ರವರೆಗೆ ಸಮ ಸಾವಿರದ ಮೇಲೆ 500 ಅಡಿ ಎತ್ತರದಲ್ಲಿರಬೇಕೆಂದು ಅಲ್ಲಿನ ನಿಯಮ. ಎಂದರೆ ಮೊದಲ ತುಂಡು 4,500 ಅಡಿಯಲ್ಲಿ, ಎರಡನೆಯದು 5,500ರಲ್ಲಿ. ಒಲಿಂಪಿಯಾದ ಮೇಲೆ ತಿರುಗುವಾಗ ಹತ್ತಲೂ ಬೇಕು. ಇನ್ನೊಂದು ತಮಾಷೆ ನೋಡಿ. ನೇರ ದಾರಿಯ ದಿಕ್ಕು ಭೂಪಟದಲ್ಲಿ 186, ದಿಕ್ಸೂಚಿಯಲ್ಲಿ 171. ಭೂಪಟ ನಂಬಿದವನು ಸಮ ಎತ್ತರದಲ್ಲಿ ಹಾರಿ, ಎದುರಿನಿಂದ ಬರುವವರ ಪಾಲಿನ ಎತ್ತರದಲ್ಲಿ ಸಿಕ್ಕಿಕೊಳ್ಳುತ್ತಾನೆ.

ಈ ಲೆಕ್ಕವನ್ನು ಪೆನ್ಸಿಲ್ ಹಿಡಿದು ಮಾಡಿದವನು ಹೊರಡುವ ಮುಂಚೆಯೇ ಒಂದು ಸಲ ಹಾರಿ ಬಂದಿರುತ್ತಾನೆ. ಸಿಮ್ಯುಲೇಟರಿನ ಪ್ಲಾನರ್ ಮಾಡುವುದೇನು? ಎರಡು ಊರು ಆರಿಸಿ, ಪಟ್ಟಿಯಿಂದ ‘ವಿಒಆರ್‌ನಿಂದ ವಿಒಆರ್’ ಎಂದು ಒತ್ತಿದರೆ ಗೆರೆ ಸಿದ್ಧ. ಇದೇ ಸಿಮ್ಯುಲೇಟರಿನ 2006ರ ಆವೃತ್ತಿಯಾದ ಎಫ್‌ಎಸ್‌ಎಕ್ಸ್ ಇಡೀ ಪ್ರಯಾಣಕ್ಕೆ ಒಂದೇ ಎತ್ತರ ಕೊಡುತ್ತದೆ. ಯಾವ ಸ್ಟೇಷನ್ನು ಯಾಕೆ, ಒಂದರ ಕೈಬಿಟ್ಟು ಇನ್ನೊಂದನ್ನು ಹಿಡಿಯುವುದು ಎಲ್ಲಿ, ಈ ಎತ್ತರದಿಂದ ಆ ಸ್ಟೇಷನ್ನು ಕೇಳಿಸೀತೇ ಎಂಬ ಯಾವ ಪ್ರಶ್ನೆಯೂ ಏಳುವುದಿಲ್ಲ. ವಿಒಆರ್ ಅಲೆ ನೇರ ಗೆರೆಯಲ್ಲಿ ಸಾಗುವುದರಿಂದ 4,500 ಅಡಿಯಲ್ಲಿ ಭೂಮಿಯ ದುಂಡು ಮೈ ಬಿಡುವ ದೂರ ಸುಮಾರು 80 ನಾಟಿಕಲ್ ಮೈಲಿ. ಆದರೆ ಅಮೆರಿಕದಲ್ಲಿ ಈ ಕೆಳ ಎತ್ತರಕ್ಕೆ ವಾಡಿಕೆಯಂತೆ ಖಾತರಿ ಕೊಡುವುದು 40 ಮೈಲಿಗೆ ಮಾತ್ರ. ಒಲಿಂಪಿಯಾ–ಬ್ಯಾಟಲ್ ಗ್ರೌಂಡ್ ಅಂತರ 74. ಆದ್ದರಿಂದ ನಡುದಾರಿಯವರೆಗೆ ಬೆನ್ನ ಹಿಂದಿನ ಸ್ಟೇಷನ್ನು, ಆಮೇಲೆ ಮುಂದಿನದು. ಇಂಥ ತೀರ್ಮಾನಗಳೇ ದಾರಿ ಹಾಕುವ ಕೆಲಸದ ಜೀವಾಳ. ಕಲಿಯುವವನಿಗೆ ಉಳಿಸಬೇಕಾದ್ದನ್ನೇ ಯಂತ್ರ ತಾನು ಮಾಡಿಕೊಟ್ಟು, ಅವನಿಗೆ ನೇರಳೆಗೆಂಪು ಗೆರೆಯ ಹಿಂದೆ ನಡೆಯುವ ಕೆಲಸ ಬಿಡುತ್ತದೆ. ಪ್ಲಾನರನ್ನು ಉತ್ತರ ತಾಳೆ ನೋಡಲು ಮಾತ್ರ ತೆರೆಯಬೇಕು ಎನ್ನುವುದು ನನ್ನ ಪಟ್ಟು.

ಗಾಳಿಯ ವಿಷಯದಲ್ಲೂ ಇದೇ ಕತೆ. ಹವೆಯನ್ನು ‘ತಿಳಿ’ ಎಂದು ಇಟ್ಟು ಹಾರುವವನು ರೇಡಿಯೊ ನ್ಯಾವಿಗೇಷನ್ ಕಲಿಯುತ್ತಿಲ್ಲ, ಮುಳ್ಳು ನೋಡುತ್ತಿದ್ದಾನೆ. ಮೇಲಿನ ದಾರಿಯ ಎರಡನೆಯ ತುಂಡಿಗೆ ಪಶ್ಚಿಮದಿಂದ 20 ನಾಟ್ ಗಾಳಿ ಕೊಡಿ. 110 ನಾಟ್ ವೇಗದ ಸೆಸ್ನಾ ಗಾಳಿಯತ್ತ ಹತ್ತು ಡಿಗ್ರಿಗೂ ತುಸು ಹೆಚ್ಚು ಮೂತಿ ತಿರುಗಿಸಬೇಕು. ತಿರುಗಿಸದಿದ್ದರೆ 40 ನಿಮಿಷದಲ್ಲಿ 13 ಮೈಲಿ ಪೂರ್ವಕ್ಕೆ ಜಾರುತ್ತದೆ. ಆ ಕಡೆಗೇ ಇದೆ 8,363 ಅಡಿಯ ಸೇಂಟ್ ಹೆಲೆನ್ಸ್. ಎನ್‌ಡಿಬಿ ಎಂಬ ರೇಡಿಯೊ ಬೀಕನ್ನಿನ ಮುಳ್ಳಂತೂ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಅದು ಸದಾ ಸ್ಟೇಷನ್ನಿನತ್ತ ತೋರುತ್ತಿರುತ್ತದೆ, ಮೂತಿಯನ್ನು ಅತ್ತಲೇ ಇಟ್ಟವನು ಕೊನೆಗೆ ತಲುಪಿಯೇ ತಲುಪುತ್ತಾನೆ, ಆದರೆ ಬಿಲ್ಲಿನಂತೆ ಬಾಗಿದ ದಾರಿಯಲ್ಲಿ. ಎಫ್‌ಎಸ್‌ಎಕ್ಸ್‌ನಲ್ಲಿ ಹಾರಾಟ ಮುಗಿದ ಮೇಲೆ ಆ ಬಾಗು ಗೆರೆಯನ್ನು ನಕ್ಷೆಯ ಮೇಲೆ ತೋರಿಸುವ ‘ಫ್ಲೈಟ್ ಅನಾಲಿಸಿಸ್’ ಎಂಬ ಸೌಲಭ್ಯವಿತ್ತು. ಇಡೀ ತಂತ್ರಾಂಶದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಅದೇ. 2020ರ ಆವೃತ್ತಿ ಮೋಡಗಳ ಸಮೇತ ಬಂತು, ಇದಿಲ್ಲದೆ ಬಂತು.

ಕಲಿಸುವ ಸಾಧನವಾಗಿ ಹಳೆಯದೇ ಮೇಲು ಎಂದು ಹೇಳಿದರೆ ಹೊಸಬರು ನಗಬಹುದು. ಎಫ್‌ಎಸ್‌ಎಕ್ಸ್‌ನಲ್ಲಿ ರಾಡ್ ಮಚಾಡೊ ಎಂಬ ತರಬೇತುದಾರರ ಪಾಠಗಳಿದ್ದವು. ಅವರ ನಗೆಚಟಾಕಿ ಸಹಿಸಿಕೊಂಡರೆ ವಿಒಆರ್ ಹಿಡಿಯುವುದರಿಂದ ಮೋಡದೊಳಗೆ ಇಳಿಯುವವರೆಗೆ ಕ್ರಮವಾಗಿ ಕಲಿಯಬಹುದಿತ್ತು. 2020ರದ್ದು ಬಿಡುಗಡೆಯಾದಾಗ ಅದರಲ್ಲಿದ್ದದ್ದು ಅರಿಜೋನಾದ ಸೆಡೋನಾದಲ್ಲಿ ಸೆಸ್ನಾ 152 ಹಾರಿಸುವ ಕೆಲವೇ ಪಾಠ. ದಾರಿ ಹುಡುಕುವ ಪಾಠವೂ ನೆಲದ ಗುರುತು ನೋಡಿ ಹೋಗುವುದೇ. ಇನ್ನೊಂದು ವಿಚಿತ್ರವಿದೆ. ಹೊಸದರ ಸ್ಟೇಷನ್ ಪಟ್ಟಿ ನಿಜ ಲೋಕದಂತೆ 28 ದಿನಕ್ಕೊಮ್ಮೆ ಬದಲಾಗುತ್ತದೆ. ನಿಜ ಲೋಕದಲ್ಲಿ ಈ ಸ್ಟೇಷನ್ನುಗಳನ್ನು ಮುಚ್ಚುತ್ತಿದ್ದಾರೆ. ಅಮೆರಿಕದ ವಿಮಾನಯಾನ ಆಡಳಿತ ಸುಮಾರು 900 ವಿಒಆರ್‌ಗಳನ್ನು 600ರ ಒಳಕ್ಕೆ ಇಳಿಸುವ ಯೋಜನೆ ಹಾಕಿಕೊಂಡಿದೆ. ಹಾಗಾಗಿ ನಿಖರವಾದಷ್ಟೂ ಹೊಸ ಸಿಮ್ಯುಲೇಟರಿನಲ್ಲಿ ಕಲಿಯಲು ಸ್ಟೇಷನ್ನು ಕಡಿಮೆ. 2006ಕ್ಕೇ ನಿಂತುಹೋದ ಎಫ್‌ಎಸ್‌ಎಕ್ಸ್‌ನಲ್ಲಿ ಅವೆಲ್ಲ ಇನ್ನೂ ಮಿಡಿಯುತ್ತಿವೆ. ಅಭ್ಯಾಸಕ್ಕೆ ಅದೇ ಸಾಕು, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ.

ಮನೆಯಲ್ಲಿ ಹಾರಿದ ಗಂಟೆಗಳು ಯಾವ ಲೈಸೆನ್ಸಿಗೂ ಲೆಕ್ಕವಿಲ್ಲ. ಅಮೆರಿಕದಲ್ಲಿ ಉಪಕರಣ ನೋಡಿ ಹಾರುವ ಅರ್ಹತೆಗೆ ಬೇಕಾದ 40 ಗಂಟೆಗಳಲ್ಲಿ, ಆಡಳಿತ ಒಪ್ಪಿದ ಸಾಧನದ ಮೇಲೆ ತರಬೇತುದಾರರೊಂದಿಗೆ ಕಳೆದದ್ದಕ್ಕೆ 10 ಅಥವಾ 20 ಗಂಟೆಯವರೆಗೆ ಮಾನ್ಯತೆ ಇದೆ, ಅಷ್ಟೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ಟೇಲರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಪಿಸಿ ಆಧಾರಿತ ಸಾಧನಗಳನ್ನು ಪರೀಕ್ಷಿಸಿದಾಗ ಕಂಡದ್ದೂ ಇದಕ್ಕೆ ಹೊಂದುತ್ತದೆ: ಹೊಸ ಕೌಶಲವನ್ನು ಮೊದಲ ಸಲ ಕಲಿಯುವಾಗ ಅವು ನಿಜ ವಿಮಾನದ ಸಮಯ ಉಳಿಸಿದವು, ಕಲಿತದ್ದನ್ನು ಮತ್ತೆ ಮಾಡುವಾಗ ಲಾಭ ತೀರಾ ಕಡಿಮೆ. ಇದರ ಕಾರಣವನ್ನು ನಾನು ಹುಡುಕುವುದು ವಿರಾಮದ ಕೀಲಿಯಲ್ಲಿ. ಗೊಂದಲವಾದೊಡನೆ ಲೋಕವನ್ನು ನಿಲ್ಲಿಸಿ, ಚಹಾ ಮಾಡಿಕೊಂಡು ಬಂದು, ‘ಫ್ರಮ್’ ಯಾಕೆ ಬಂತೆಂದು ಯೋಚಿಸಬಹುದು. ಮೊದಮೊದಲು ಇದು ವರ. ಆದರೆ ವಿಮಾನ ಹೆಚ್ಚುಕಡಿಮೆ ನಿಮಿಷಕ್ಕೆ ಎರಡು ಮೈಲಿ ಓಡುತ್ತಿರುವಾಗಲೇ ಫ್ರೀಕ್ವೆನ್ಸಿ ಬದಲಿಸಿ, ಲೆಕ್ಕ ಹಾಕಿ, ಕಂಟ್ರೋಲರಿಗೆ ಉತ್ತರ ಕೊಟ್ಟು, ಎತ್ತರ ಕಾಯುವುದೇ ಅಸಲು ವಿದ್ಯೆ. ಮುಳ್ಳಿನ ಅರ್ಥ ತಿಳಿದ ಮೇಲೂ ಆ ಕೀಲಿಯನ್ನು ಮುಟ್ಟುವವನು ಅಲ್ಲಿಗೇ ನಿಲ್ಲುತ್ತಾನೆ.

ಇಷ್ಟಾದರೂ ಕಲಿಯುವವನ ಶಿಸ್ತಿನಿಂದ ಸರಿಹೋಗುವ ಕೊರತೆಗಳು. ಹಾಗೆ ಸರಿಹೋಗದ ಒಂದಿದೆ, ಅದೇನೆಂದು ಒಂದು ಅಪಘಾತ ಹೇಳುತ್ತದೆ. 1989ರ ಸೆಪ್ಟೆಂಬರ್ 3ರ ಸಂಜೆ ಬ್ರೆಜಿಲ್‌ನ ಮರಬಾದಿಂದ ಬೆಲೆಂಗೆ ಹೊರಟ ವಾರಿಗ್ 254, ಬೋಯಿಂಗ್ 737, ಹೋಗಬೇಕಿದ್ದ ದಿಕ್ಕು 027 ಡಿಗ್ರಿ. ಕಂಪೆನಿಯ ಮುದ್ರಿತ ಯೋಜನೆಯಲ್ಲಿ ಅದು 0270 ಎಂದಿತ್ತು. ಕೊನೆಯ ಅಂಕಿ ದಶಾಂಶ, ಚುಕ್ಕಿ ಮಾತ್ರ ಇಲ್ಲ. ಕ್ಯಾಪ್ಟನ್ 270 ಎಂದು ಓದಿಕೊಂಡರು. ಈಶಾನ್ಯಕ್ಕೆ ಹೋಗಬೇಕಾದ ವಿಮಾನ ಅಸ್ತಮಿಸುವ ಸೂರ್ಯನ ಕಡೆ ನೆಟ್ಟಗೆ ಹೊರಟಿತು. ಬೆಲೆಂ ಸಿಗದೆ ತಡಕಾಡಿದಾಗ ಮರಬಾದ ಬೀಕನ್ನಿನ ಫ್ರೀಕ್ವೆನ್ಸಿ ಹಾಕಿದರು, ಮುಳ್ಳು ತೋರಿಸಿತು, ಅತ್ತ ಹೋದರು. ಮುಳ್ಳು ಹಿಡಿದಿದ್ದು ಅದೇ ಫ್ರೀಕ್ವೆನ್ಸಿಯ ಗೊಯಾನಿಯಾವನ್ನು. ಮರಬಾದಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಕ್ಷಿಣಕ್ಕೆ ಇರುವ ಊರು ಅದು. ಪ್ರತಿ ಸ್ಟೇಷನ್ನೂ ಮೋರ್ಸ್ ಸಂಕೇತದಲ್ಲಿ ಬಡಿಯುವ ಗುರುತನ್ನು ಕೇಳಿ ತಾಳೆ ನೋಡಿದ್ದರೆ ಗೊತ್ತಾಗುತ್ತಿತ್ತು. ಇಂಧನ ಮುಗಿದು ವಿಮಾನ ರಾತ್ರಿ ಕಾಡಿನ ಮೇಲೆ ಇಳಿಯಿತು. ಅದರಲ್ಲಿದ್ದ 54 ಜನರಲ್ಲಿ ಹೆಚ್ಚಿನವರು ಬದುಕಿದ್ದೇ ಸೋಜಿಗ.

ಪ್ರತಿ ಪಠ್ಯಪುಸ್ತಕವೂ ಹೇಳುತ್ತದೆ: ಫ್ರೀಕ್ವೆನ್ಸಿ ಹಾಕು, ಗುರುತು ಕೇಳು, ಆಮೇಲೆ ನಂಬು. ಸಿಮ್ಯುಲೇಟರಿನಲ್ಲೂ ಗುರುತು ಕೇಳಿಸುವ ಗುಂಡಿ ಇದೆ. ಸಿಯಾಟಲ್ ಹಾಕಿ ಒತ್ತಿದರೆ ಮೂರು ಚುಕ್ಕಿ, ಒಂದು ಚುಕ್ಕಿ, ಆಮೇಲೆ ಚುಕ್ಕಿ–ಗೆರೆ ಕೇಳುತ್ತದೆ. ಆದರೆ ಒತ್ತುವವರು ಯಾರು, ಯಾಕೆ ಒತ್ತಬೇಕು? ಅಲ್ಲಿ ಪ್ರತಿಯೊಂದು ಸ್ಟೇಷನ್ನೂ ತನಗೆ ಹಾಕಿಕೊಟ್ಟ ವೃತ್ತದೊಳಗೆ ಶುದ್ಧವಾಗಿ ಕೇಳುತ್ತದೆ, ವೃತ್ತ ದಾಟಿದರೆ ನಿಲ್ಲುತ್ತದೆ. ರಾತ್ರಿ ಆಕಾಶದಿಂದ ಪುಟಿದು ದೂರದ ಬೀಕನ್ನು ಒಳನುಗ್ಗುವುದಿಲ್ಲ, ಕರಾವಳಿಯ ಗೆರೆಯಲ್ಲಿ ಅಲೆ ಬಾಗುವುದಿಲ್ಲ, ಗುಡುಗು ಮೋಡದತ್ತ ಎನ್‌ಡಿಬಿ ಮುಳ್ಳು ಹೊರಳುವುದಿಲ್ಲ. ನೂರು ಸಲ ಗುರುತು ಕೇಳದೆ ಹಾರಿದರೂ ನೂರು ಸಲವೂ ಸರಿಯಾದ ಊರೇ ಸಿಗುತ್ತದೆ. ಕೇಳದಿರುವುದೇ ಅಭ್ಯಾಸವಾಗುತ್ತದೆ.

ಸಿಮ್ಯುಲೇಟರುಗಳಲ್ಲಿ ಉಪಕರಣಗಳನ್ನು ಬೇಕೆಂದೇ ಕೆಡಿಸುವ ಪಟ್ಟಿಗಳು ಇಲ್ಲವೆಂದಲ್ಲ. ಇನ್ನೊಂದು ಸಿಮ್ಯುಲೇಟರಾದ ಎಕ್ಸ್-ಪ್ಲೇನ್‌ನಲ್ಲಂತೂ ಏನೇನು ಕೆಡಬೇಕೆಂದು ಆರಿಸುವ ಪಟ್ಟಿ ಉದ್ದಕ್ಕಿದೆ. ಆದರೆ ಅಲ್ಲಿ ಉಪಕರಣ ಸಾಯುತ್ತದೆ ಅಥವಾ ಅಲುಗದೆ ನಿಲ್ಲುತ್ತದೆ. ಸತ್ತ ಮುಳ್ಳು ಯಾರನ್ನೂ ಕಾಡಿಗೆ ಒಯ್ಯುವುದಿಲ್ಲ. ಇಂದಿನ ಆಕಾಶದಲ್ಲಿ ತೊಂದರೆ ಕೊಡುವುದು ಬದುಕಿದ್ದು ಸುಳ್ಳು ಹೇಳುವ ಉಪಕರಣ. ಅಮೃತಸರ, ಜಮ್ಮು ಗಡಿಯ ಭಾಗದಲ್ಲಿ 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ಜಿಪಿಎಸ್ ಸಂಕೇತದಲ್ಲಿ ಕೈವಾಡ ಅಥವಾ ಅಡಚಣೆಯ 465 ಪ್ರಕರಣ ವರದಿಯಾಗಿವೆ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಜಿಪಿಎಸ್ ಪರದೆ ತಪ್ಪು ಜಾಗ ತೋರಿಸುವಾಗ, ನೆಲದ ಒಂದು ಹಳೆಯ ವಿಒಆರ್ ಹಿಡಿದು ಇದು ಸುಳ್ಳು ಎನ್ನಬಲ್ಲವನೇ ಬೇಕು. ಆ ಅನುಮಾನ ಮೇಜಿನ ಮುಂದೆ ಹುಟ್ಟುವಂತೆ ಮಾಡಲು ದೊಡ್ಡ ತಂತ್ರಜ್ಞಾನ ಬೇಕಿಲ್ಲ. ದುರಸ್ತಿಯಲ್ಲಿರುವ ಸ್ಟೇಷನ್ನು ಅಮೆರಿಕದಲ್ಲಿ ತನ್ನ ಗುರುತನ್ನು ನಿಲ್ಲಿಸುತ್ತದೆ, ಇಲ್ಲವೇ ಗುರುತಿನ ಬದಲು ‘ಟೆಸ್ಟ್’ ಎಂದು ಬಡಿಯುತ್ತದೆ: ಒಂದು ಗೆರೆ, ಒಂದು ಚುಕ್ಕಿ, ಮೂರು ಚುಕ್ಕಿ, ಒಂದು ಗೆರೆ. ಮುಳ್ಳು ಮಾತ್ರ ಅಲುಗದೆ ಯಾವುದೋ ದಿಕ್ಕು ತೋರಿಸುತ್ತಿರಬಹುದು. ಒಲಿಂಪಿಯಾದ ಸದ್ದನ್ನು ಹೇಳದೆ ಕೇಳದೆ ಹೀಗೆ ಬದಲಿಸಿ, ಮುಳ್ಳನ್ನು ಎಂಟು ಡಿಗ್ರಿ ಸರಿಸಿ, ಸುಮ್ಮನೆ ಕಾಯುವ ಒಂದು ಪಾಠ ನಾನು ಬಳಸಿದ ಯಾವ ಆವೃತ್ತಿಯಲ್ಲೂ ಇಲ್ಲ.