ನುಡಿದಂತೆ ಓಡುವ ಓಟ

ಮುಂಬಯಿಯ ವಿಕ್ರೋಳಿಯ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಸಂಧ್ಯಾಕಾಲಕ್ಕೆ ತೆವಳುವಂತಹ ಕಾರುಗಳೇ, ಲೋಣಾವಳ ಸಮೀಪದ ಆಂಬಿ ವ್ಯಾಲಿಯ ರನ್‌ವೇಯಲ್ಲಿ ನೇರ ಹಾದಿಯ ವೇಗದೋಟವಾದ ಡ್ರ್ಯಾಗ್ ರೇಸ್ ನಡೆದಾಗ ಬಾಣದಂತೆ ಚಿಮ್ಮುವುವು. ಆದರೆ ನನ್ನ ಮನವನ್ನು ಸೂರೆಗೊಂಡುದು ಅದರದೇ ಪ್ರಭೇದವಾದ, ಅಮೆರಿಕದ ಹವ್ಯಾಸಿಗಳ ಬ್ರ್ಯಾಕೆಟ್ ರೇಸಿಂಗ್. ಸುಮಾರು 402 ಮೀಟರುಗಳ ಕಾಲು ಮೈಲಿಯನ್ನು ಎಷ್ಟು ಸೆಕೆಂಡುಗಳಲ್ಲಿ ಕ್ರಮಿಸುವೆನೆಂಬುದನ್ನು ಸ್ಪರ್ಧಿಯು ಮುಂಚಿತವಾಗಿಯೇ ಘೋಷಿಸಿ, ಕಾರಿನ ಗಾಜಿನ ಮೇಲೆ, ಬಹುಮಟ್ಟಿಗೆ ಬಿಳಿಯ ಶೂ ಪಾಲಿಷ್‌ನಿಂದ, ಬರೆದಿಡುವನು. 18 ಎಂದ ಮುದಿ ಕಾರಿಗೆ 14 ಎಂದ ಬಲಿಷ್ಠನಿಗಿಂತ 4 ಸೆಕೆಂಡು ಮೊದಲೇ ಹಸಿರು ದೀಪ. ಅಂದಮೇಲೆ ದೀಪ ಕಂಡೊಡನೆ ಹೊರಡುವ ಚುರುಕು, ನುಡಿದ ಕಾಲಕ್ಕೆ ಸರಿಯಾಗಿ ತಲುಪುವ ಸಂಯಮ, ಇವೆರಡೇ ನಿರ್ಣಾಯಕ. ನುಡಿದುದಕ್ಕಿಂತ ಬೇಗ ತಲುಪಿದವನು, ಎದುರಾಳಿಯೂ ತಪ್ಪೆಸಗದಿದ್ದರೆ, ಸೋತಂತೆಯೇ! ಹಣದ ಥೈಲಿಗಿಂತ ತನ್ನ ಯಂತ್ರದ ಅರಿವಿಗೆ ಇಷ್ಟು ಮನ್ನಣೆಯೀಯುವ ಮೋಟಾರು ಕ್ರೀಡೆ ಮತ್ತೊಂದನ್ನು ನಾನರಿಯೆ.