ಅಕ್ಕನಾಗಮ್ಮ: ಗವಿ ಮತ್ತು ಅಂಕಿತ

ಹಳಿಯಾಳ ತಾಲೂಕಿನ ಸಾಂಬ್ರಾಣಿ ಮೊದಲಾದ ಊರುಗಳ ಭಕ್ತರಿಗೆ ಉಳವಿಯು ದೂರದ ಕ್ಷೇತ್ರವಲ್ಲ. ನೆರೆಯ ಜೊಯಿಡಾ ತಾಲೂಕಿನ ಅರಣ್ಯಮಧ್ಯದಲ್ಲಿರುವ ಚೆನ್ನಬಸವಣ್ಣನವರ ಐಕ್ಯಸ್ಥಳವದು. ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿಯ ಕಡೆಯಿಂದ ಚಕ್ಕಡಿ ಹೂಡಿಕೊಂಡು ಬರುವ ಭಕ್ತರ ಸಾಲು ಪ್ರಸಿದ್ಧವಾದುದು. ಅಲ್ಲಿ ಅಕ್ಕನಾಗಮ್ಮನ ಹೆಸರಿನ ಗವಿಯೊಂದಿದೆ. ಗವಿಗೆ ಕೈಮುಗಿಯುವವರು ಅನೇಕರು; ಆಕೆಯ ವಚನಗಳನ್ನು ಓದಿದವರು ವಿರಳ. ವಚನಗಳನ್ನು ಓದಿದ ವಿದ್ಯಾರ್ಥಿಗಳಿಗಾದರೋ ಗವಿಯ ಸಂಗತಿ ಅಪರಿಚಿತ.

ಸಾಹಿತ್ಯ ಚರಿತ್ರೆಗಳು ಈಕೆಯನ್ನು ಬಸವಣ್ಣನವರ ಅಕ್ಕನೆಂದೂ ಚೆನ್ನಬಸವಣ್ಣನವರ ತಾಯಿಯೆಂದೂ ಪರಿಚಯಿಸಿ ಮುಂದೆ ಸಾಗುತ್ತವೆ. ಪರಿಚಯ ಸುಳ್ಳಲ್ಲ, ಆದರೆ ಸಾಲದು. ರಕ್ತಸಂಬಂಧವು ಕೀರ್ತಿಗೆ ಕಾರಣವಾಗಬಹುದು, ವಚನಕ್ಕೆ ಕಾರಣವಾಗಲಾರದು. ವಚನಕಾರ್ತಿಯನ್ನು ಆಕೆಯ ಮಾತಿನಿಂದಲೇ ಅಳೆಯಬೇಕು. ಅದಕ್ಕೆ ಮೊದಲ ಸಾಕ್ಷಿ ಅಂಕಿತ.

ಬಸವಣ್ಣನವರ ಮನೆಯ ಮೂವರು ಶರಣೆಯರ ಅಂಕಿತಗಳನ್ನು ಒಟ್ಟಿಗಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಗಂಗಾಂಬಿಕೆಯದು ‘ಗಂಗಾಪ್ರಿಯ ಕೂಡಲಸಂಗಮದೇವ’, ನೀಲಾಂಬಿಕೆಯದು ‘ಸಂಗಯ್ಯ’, ಅಕ್ಕನಾಗಮ್ಮನದು ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ಮೂವರ ದೈವವೂ ಸಂಗಮನಾಥನೇ. ಆತನ ಬಳಿಗೆ ಹೋಗುವ ದಾರಿ ಮಾತ್ರ ಬೇರೆ. ಗಂಗಾಂಬಿಕೆ ತನ್ನ ಹೆಸರನ್ನು ದೈವಕ್ಕೆ ಜೋಡಿಸಿದಳು. ನೀಲಾಂಬಿಕೆ ಯಾರ ಹೆಸರನ್ನೂ ಸೇರಿಸದೆ ದೈವವೊಂದನ್ನೇ ಉಳಿಸಿಕೊಂಡಳು. ಅಕ್ಕನಾಗಮ್ಮ ಬಸವಣ್ಣನ ಹೆಸರನ್ನು ಮುಂದಿಟ್ಟಳು. ಹಿರಿಯಳಾದ ಅಕ್ಕನು ಕಿರಿಯ ತಮ್ಮನ ಮೂಲಕ ಶಿವನನ್ನು ಕರೆದುದು ಸಾಮಾನ್ಯ ಸಂಗತಿಯಲ್ಲ. ವಯಸ್ಸಿನ ಹಿರಿತನವು ಅರಿವಿನ ಹಿರಿತನಕ್ಕೆ ತಲೆಬಾಗಿದ ಕ್ಷಣ ಅಲ್ಲಿದೆ. ಅಂಕಿತದೊಳಗೆ ಬಂದೊಡನೆ ತಮ್ಮನು ತಮ್ಮನಾಗಿ ಉಳಿಯುವುದಿಲ್ಲ, ಗುರುವಾಗುತ್ತಾನೆ. ಬಂಧುತ್ವದ ಚೌಕಟ್ಟನ್ನು ಆಕೆಯೇ ದಾಟಿದ್ದಾಳೆ; ವಿಮರ್ಶಕರು ಮರಳಿ ಅದರೊಳಗೇ ಕೂಡಿಸಿದ್ದಾರೆ.

ಕಲ್ಯಾಣದ ವಿಪ್ಲವದ ತರುವಾಯ, 12ನೆಯ ಶತಮಾನದ ಉತ್ತರಾರ್ಧದಲ್ಲಿ, ಈಕೆ ಶರಣಗಣದೊಡನೆ ವಚನದ ಕಟ್ಟುಗಳನ್ನು ಕಾಪಾಡುತ್ತ ಉಳವಿಗೆ ನಡೆದಳೆಂದೂ ಕೊನೆಗೆ ತರೀಕೆರೆ ಸಮೀಪದ ಎಣ್ಣೆಹೊಳೆಯಲ್ಲಿ ಐಕ್ಯಳಾದಳೆಂದೂ ಪ್ರತೀತಿ. ಗಂಗಾಂಬಿಕೆಯ ನೆನಪು ಮಲಪ್ರಭೆಯ ದಡದ ಎಂ.ಕೆ. ಹುಬ್ಬಳ್ಳಿಯಲ್ಲಿಯೂ ನೀಲಾಂಬಿಕೆಯದು ಕೃಷ್ಣೆಯ ದಡದ ತಂಗಡಗಿಯಲ್ಲಿಯೂ ನೆಲೆಸಿದೆ. ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ 1584ರದು. ಆ ಘಟನೆಗಳಿಗೆ ನಾಲ್ಕು ಶತಮಾನ ಈಚಿನದು. ಆದ್ದರಿಂದ ಪುರಾಣ, ಪ್ರತೀತಿಗಳನ್ನು ವಚನದ ಮೇಲೆ ಹೇರಿ ಅರ್ಥ ಹೇಳುವುದು ವಿಹಿತವಲ್ಲ. ಹಾಗೆಂದು ಪ್ರತೀತಿ ನಿರರ್ಥಕವೂ ಅಲ್ಲ. ರಾಜ್ಯ ಕಟ್ಟಿದವಳೆಂದಾಗಲಿ ಪವಾಡ ಮಾಡಿದವಳೆಂದಾಗಲಿ ಅಲ್ಲದೆ, ಮಾತನ್ನು ಉಳಿಸಿದವಳೆಂದು ಒಂದು ಸೀಮೆಯ ಜನ ಒಬ್ಬ ಹೆಣ್ಣುಮಗಳನ್ನು ನೆನೆಯುತ್ತ ಬಂದುದು ಆ ಜನರ ಸಂಸ್ಕಾರಕ್ಕೆ ಸಾಕ್ಷಿ.

ಡಾ. ವೀರಣ್ಣ ರಾಜೂರರು ಸಂಪಾದಿಸಿದ ಶಿವಶರಣೆಯರ ವಚನ ಸಂಪುಟ 1993ರಲ್ಲಿ ಸಮಗ್ರ ವಚನ ಸಂಪುಟ ಮಾಲೆಯಲ್ಲಿ ಪ್ರಕಟವಾದ ಮೇಲೆ ಪಾಠ ದೊರೆಯದೆಂಬ ನೆಪಕ್ಕೆ ಆಸ್ಪದವಿಲ್ಲ. ನೀಲಾಂಬಿಕೆಯ ವಚನಗಳು ನೂರಕ್ಕೆ ಮಿಕ್ಕಿದ್ದರೆ ಅಕ್ಕನಾಗಮ್ಮನವು ಕೆಲವೇ. ಅವುಗಳನ್ನು ಉಳವಿಯ ಜಾತ್ರೆಯಲ್ಲಿ ಓದಿ ಅರ್ಥ ಹೇಳುವ ಪದ್ಧತಿ ಬೆಳೆದರೆ ಭಕ್ತನಿಗೆ ಗವಿಯ ಕತ್ತಲೆಯಲ್ಲಿ ಮಾತು ಕೇಳಿಸೀತು. ವಿದ್ಯಾರ್ಥಿಗೆ ಮಾತಿನ ಹಿಂದಿನ ನೆಲ ಕಂಡೀತು. ಇತರರ ವಚನಗಳನ್ನು ಕಾಪಾಡಿದಳೆಂದು ಕೊಂಡಾಡಿ ಆಕೆಯದನ್ನೇ ಓದದಿರುವುದು ಕೃತಜ್ಞತೆ ಎನಿಸದು.