ರಾಮ್ಸೆ ಸೋದರರ ದೆವ್ವಗಳು ಮತ್ತು ನಮ್ಮ ನಗೆ

ಒಳ್ಳೆಯ ಚಿತ್ರಗಳನ್ನು ಕುರಿತು ಬರೆಯುವುದು ಸುಲಭ. 'ಸಂಸ್ಕಾರ'ವನ್ನೋ 'ಘಟಶ್ರಾದ್ಧ'ವನ್ನೋ ಹೊಗಳಿದರೆ ಯಾರೂ ನಮ್ಮ ಅಭಿರುಚಿಯನ್ನು ಶಂಕಿಸುವುದಿಲ್ಲ. ಆದರೆ ವಿಮರ್ಶಕರು ಎರಡು ಸಾಲಿನ ಷರಾ ಬರೆದು ಮೂಲೆಗೆ ಎಸೆದ ಚಿತ್ರಗಳ ಬಗ್ಗೆ, ಅದರಲ್ಲೂ ದೆವ್ವದ ಚಿತ್ರಗಳ ಬಗ್ಗೆ, ಗಂಭೀರವಾಗಿ ಮಾತೆತ್ತಿದರೆ ಎದುರಿಗಿದ್ದವರು ಮೊದಲು ನಗುತ್ತಾರೆ. ಆಮೇಲೆ 'ನೀವೂ ಅಂಥವನ್ನು ನೋಡುತ್ತೀರಾ?' ಎಂದು ಕೇಳುತ್ತಾರೆ. ನೋಡುತ್ತೇವೆ. ಕೆಲವನ್ನು ಎರಡೆರಡು ಸಲ ನೋಡಿದ್ದೇವೆ. ನಮ್ಮ ಮುಂಬಯಿಯಲ್ಲೇ ತಯಾರಾಗಿ, ಸುಮಾರು ಇಪ್ಪತ್ತು ವರ್ಷಗಳ ಕಾಲ ದೇಶದ ಸಣ್ಣ ಊರುಗಳ ಚಿತ್ರಮಂದಿರಗಳನ್ನು ಆಳಿದ ರಾಮ್ಸೆ ಸೋದರರ ಚಿತ್ರಗಳ ಪರವಾಗಿ ನಾಲ್ಕು ಮಾತು, ವಿರೋಧವಾಗಿ ಎರಡು ಮಾತು ಹೇಳಬೇಕೆಂದಿದ್ದೇವೆ.

ಈ ಸೋದರರ ತಂದೆ ಫತೇಚಂದ್ ರಾಮ್‌ಸಿಂಘಾನಿ ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಸಿಂಧಿ ವ್ಯಾಪಾರಿ. ಆಂಗ್ಲ ಗಿರಾಕಿಗಳ ನಾಲಿಗೆ ಹೊರಳದೆ ಮನೆತನದ ಹೆಸರು 'ರಾಮ್ಸೆ' ಎಂದು ಮೊಟಕಾಯಿತಂತೆ. 1947ರ ದೇಶವಿಭಜನೆಯ ನಂತರ ಮುಂಬಯಿಗೆ ಬಂದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮತ್ತೆ ಅಂಗಡಿ ತೆರೆದರು. ಬರಬರುತ್ತ ಚಿತ್ರನಿರ್ಮಾಣಕ್ಕೂ ಇಳಿದರು. ಪೃಥ್ವಿರಾಜ್ ಕಪೂರ್ ಅಭಿನಯಿಸಿದ, ಸುರೈಯಾ ಅವರ ಕೊನೆಯ ಚಿತ್ರವಾದ 'ರುಸ್ತುಂ ಸೊಹ್ರಾಬ್' (1963) ಅವರದೇ. 1970ರಲ್ಲಿ ಅದೇ ಪೃಥ್ವಿರಾಜರನ್ನು ಇಟ್ಟುಕೊಂಡು ತೆಗೆದ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜರು ಪಿಶಾಚಿಯ ಮುಖವಾಡ ತೊಟ್ಟು ವಸ್ತುಸಂಗ್ರಹಾಲಯವನ್ನು ದೋಚುವ ಒಂದು ದೃಶ್ಯವಿತ್ತು. ಜನ ಆ ದೃಶ್ಯಕ್ಕಾಗಿಯೇ ಬಂದು, ಅದು ಮುಗಿದೊಡನೆ ಎದ್ದುಹೋಗುತ್ತಿದ್ದುದನ್ನು ತಂದೆಯ ಜೊತೆಗಿದ್ದ ಮಕ್ಕಳು ಗಮನಿಸಿದರು. ಈ ಒಂದು ದೃಶ್ಯದಂಥದ್ದನ್ನೇ ಇಡೀ ಚಿತ್ರವಾಗಿ ಮಾಡಿದರೆ ಹೇಗೆ? ಅಂಗಡಿಯಲ್ಲಿ ಬೆಳೆದವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ಉತ್ತರವಾಗಿ ಬಂದದ್ದು 'ದೋ ಗಜ್ ಜಮೀನ್ ಕೇ ನೀಚೇ' (1972).

ಏಳು ಜನ ಅಣ್ಣತಮ್ಮಂದಿರು ಕೆಲಸ ಹಂಚಿಕೊಂಡ ರೀತಿ ಒಂದು ಅವಿಭಕ್ತ ಕುಟುಂಬದ ಜಮೀನು ಸಾಗುವಳಿಯಂತೆಯೇ ಇತ್ತು. ಹಿರಿಯ ಕುಮಾರ್ ಕಥೆ ಬರೆಯಬೇಕು, ಗಂಗು ಕ್ಯಾಮರಾ ಹಿಡಿಯಬೇಕು, ಕಿರಣ್ ಶಬ್ದ ನೋಡಿಕೊಳ್ಳಬೇಕು, ಅರ್ಜುನ್ ಸಂಕಲನ ಮಾಡಬೇಕು, ತುಳಸಿ ಮತ್ತು ಶ್ಯಾಮ್ ನಿರ್ದೇಶಿಸಬೇಕು. ಮಹಾಬಳೇಶ್ವರದ ಅತಿಥಿಗೃಹದಲ್ಲಿ ಎಲ್ಲರೂ ಬೀಡುಬಿಟ್ಟು, ಮನೆಯ ಹೆಂಗಸರು ಅಡುಗೆ ಮಾಡಿ ಹಾಕುತ್ತಿದ್ದರೆ, ಹೊರಗೆ ಗಂಡಸರು ದೆವ್ವಕ್ಕೆ ಬಣ್ಣ ಹಚ್ಚುತ್ತಿದ್ದರು. ದೊಡ್ಡ ತಾರೆಯರಿಲ್ಲ, ಸೆಟ್ಟಿನ ಖರ್ಚಿಲ್ಲ. ಕೆಲವೇ ಲಕ್ಷಗಳಲ್ಲಿ ಮುಗಿದ ಚಿತ್ರ ಅದಕ್ಕೆ ಹಲವು ಪಟ್ಟು ತಂದುಕೊಟ್ಟಿತು. ಅಲ್ಲಿಂದ 'ದರ್ವಾಜಾ' (1978), 'ಗೆಸ್ಟ್ ಹೌಸ್' (1980), 'ಹೋಟೆಲ್' (1981) ಎಂದು ಸಾಲಾಗಿ ಬಂದವು. ಹೆಸರುಗಳನ್ನು ನೋಡಿ: ಬಾಗಿಲು, ವಸತಿಗೃಹ, ಹವೇಲಿ, ನೆಲಮಾಳಿಗೆ. ಇವರ ಭಯವೆಲ್ಲ ಕಟ್ಟಡಗಳಲ್ಲಿ ವಾಸಿಸುತ್ತದೆ. ಮನೆ ಬಿಟ್ಟು ಬಂದ ನಿರಾಶ್ರಿತರ ಕುಟುಂಬವೊಂದು ಇಪ್ಪತ್ತು ವರ್ಷ ಹಳೆಯ ಮನೆಗಳ ದೆವ್ವಗಳನ್ನೇ ಚಿತ್ರಿಸುತ್ತ ಕುಳಿತದ್ದು ಬರಿಯ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಅದನ್ನು ಇಲ್ಲಿ ಎಳೆಯುವುದು ಬೇಡ.

ಈಗ 'ಪುರಾನಾ ಮಂದಿರ್' (1984) ಚಿತ್ರಕ್ಕೆ ಬರೋಣ. ಸೋದರರ ಕೆಲಸದಲ್ಲಿ ಇದೇ ಶಿಖರ. ಆ ವರ್ಷ ಹಣ ಗಳಿಸಿದ ಹಿಂದಿ ಚಿತ್ರಗಳ ಮುಂಚೂಣಿಯಲ್ಲಿದ್ದ ಇದನ್ನು ಕುರಿತು ಬಲ್ಲವರು ಬರೆದದ್ದು ಬಹಳ ಕಡಿಮೆ. ಕನ್ನಡಿಗರಾದ ನಮಗೆ ಮೊದಲ ಅಚ್ಚರಿ ಎಂದರೆ ಕಥೆ ನಡೆಯುವುದು ಬಿಜಾಪುರದಲ್ಲಿ! ಇನ್ನೂರು ವರ್ಷಗಳ ಹಿಂದೆ ಬಿಜಾಪುರದ ರಾಜಾ ಹರಿಮಾನ್ ಸಿಂಗನ ಮೆರವಣಿಗೆ ಕರಿಬೆಟ್ಟದ ಬಳಿ ನಿಂತುಹೋಗುತ್ತದೆ. ರಾಜಕುಮಾರಿ ಪಾಳುಗುಡಿಯತ್ತ ಹೋಗಿ ಸಾಮ್ರಿ ಎಂಬ ನರರಾಕ್ಷಸನ ಕೈಗೆ ಸಿಗುತ್ತಾಳೆ. 1686ರಲ್ಲಿ ಔರಂಗಜೇಬನ ವಶವಾಗಿ, ಆಮೇಲೆ ನಿಜಾಮನಿಂದ ಪೇಶ್ವೆಗೆ ದಾಟಿದ ಊರಿನಲ್ಲಿ ಈ ಸಿಂಗರು ಯಾವಾಗ ಆಳಿದರೋ, ಜೋಳದ ಬಯಲಿನ ನಡುವೆ ಕಾಡು ತುಂಬಿದ ಕರಿಬೆಟ್ಟ ಎಲ್ಲಿಂದ ಎದ್ದಿತೋ, ಲ್ಯಾಮಿಂಗ್ಟನ್ ರಸ್ತೆಯವರೇ ಬಲ್ಲರು. 2014ರಿಂದ ವಿಜಯಪುರ ಎನಿಸಿಕೊಂಡಿರುವ ಆ ಊರಿನ ಬಂಧುಗಳು ಕೋಪಿಸಿಕೊಳ್ಳಬೇಕಾಗಿಲ್ಲ. ಇಲ್ಲಿ ಬಿಜಾಪುರ ಎಂದರೆ ದೂರದ, ಹಳೆಯ, ಗುಮ್ಮಟಗಳ ಕತ್ತಲೆಯ ಒಂದು ಹೆಸರು. ಅಜ್ಜಿಯ ಕಥೆಯ 'ಏಳು ಸಮುದ್ರದಾಚೆ' ಇದ್ದಂತೆ.

ಸಾಮ್ರಿಯನ್ನು ಹಿಡಿದು ತಂದು ವಿಚಾರಣೆ ನಡೆಸುತ್ತಾರೆ. ಅಪರಾಧಗಳ ಪಟ್ಟಿಯನ್ನು ಕಚೇರಿಯ ದಫ್ತರದಂತೆ ಓದಿ, ತಲೆ ಕಡಿದು, ಮುಂಡವನ್ನು ಗುಡಿಯ ಹಿಂದೆ ಹೂಳುತ್ತಾರೆ. ರುಂಡವನ್ನು ಪೆಟ್ಟಿಗೆಯಲ್ಲಿಟ್ಟು, ಶಿವನ ತ್ರಿಶೂಲದ ಕಾವಲಿನಲ್ಲಿ ರಾಜನ ಹವೇಲಿಯಲ್ಲೇ ಮುಚ್ಚಿಡುತ್ತಾರೆ. ಸಾಯುವ ಮುನ್ನ ಅವನು ಶಾಪ ಹಾಕುತ್ತಾನೆ: ರುಂಡ ಮುಂಡ ಕೂಡುವವರೆಗೆ ಈ ವಂಶದ ಹೆಣ್ಣುಗಳೆಲ್ಲ ಹೆರಿಗೆಯಲ್ಲೇ ಸಾಯಲಿ. ನಗರದ ಜಾಣರು ಈ ಶಾಪಕ್ಕೆ ನಕ್ಕರು. ಆದರೆ ಹೆರಿಗೆಯಲ್ಲಿ ಸತ್ತ ಅತ್ತಿಗೆಯೋ ಚಿಕ್ಕಮ್ಮನೋ ಇಲ್ಲದ ಮನೆ ಆ ಕಾಲದ ಹಳ್ಳಿಗಳಲ್ಲಿ ಎಷ್ಟಿದ್ದಾವು? ಮುಂದಿನ ಬೆಂಚಿನಲ್ಲಿ ಕುಳಿತವರಿಗೆ ಆ ಸಾವು ನಗೆಯ ವಸ್ತುವಾಗಿರಲಿಲ್ಲ.

ಇನ್ನೂ ಒಂದು ಮಾತಿದೆ. ಇನ್ನೂರು ವರ್ಷಗಳ ತರುವಾಯ ಅದೇ ವಂಶದ ಠಾಕೂರ್ ರಣವೀರ್ ಸಿಂಗ್ (ನಮ್ಮ ಹಿಂದಿನ ತಲೆಮಾರಿನ ಕನಸಿನ ನಾಯಕ ಪ್ರದೀಪ್ ಕುಮಾರ್, ಸಾಕಷ್ಟು ಸುಸ್ತಾಗಿ) ಮಗಳು ಸುಮನ್ (ಆರತಿ ಗುಪ್ತಾ) ಬಡ ಹುಡುಗ ಸಂಜಯನನ್ನು (ಮೋಹನೀಶ್ ಬೆಹ್ಲ್) ಪ್ರೀತಿಸುವುದನ್ನು ತಡೆಯುತ್ತಾನೆ. ಮೊದಲು ಅಂತಸ್ತಿನ ಕಾರಣ ಹೇಳುತ್ತಾನೆ; ಅದಕ್ಕೆ ಅವರು ಬಗ್ಗದಿದ್ದಾಗ ದೆವ್ವದ ಕಾರಣ ಹೇಳುತ್ತಾನೆ. ಎರಡೂ ಒಂದೇ ಬಾಯಿಂದ, ಒಂದೇ ದನಿಯಲ್ಲಿ ಬರುತ್ತವೆ. ರಾಕ್ಷಸನ ತಲೆ ಇರುವುದಾದರೂ ಎಲ್ಲಿ? ದೊಡ್ಡ ಮನೆಯ ಗೋಡೆಯೊಳಗೆ, ಮನೆತನದ ಆಸ್ತಿಯಂತೆ ಜೋಪಾನವಾಗಿ. ಮಕ್ಕಳು ಹೋಗಿ ಅದನ್ನು ಅಗೆದು ತೆಗೆಯಬೇಕಾಗುತ್ತದೆ. ಇಷ್ಟನ್ನೇ ಮಾತಿಲ್ಲದೆ, ನಿಧಾನವಾಗಿ, ಕಪ್ಪು ಬಿಳುಪಿನಲ್ಲಿ ಹೇಳಿದ್ದರೆ ನಮ್ಮ ಫಿಲಂ ಸೊಸೈಟಿಗಳು ಚರ್ಚಾಗೋಷ್ಠಿ ಏರ್ಪಡಿಸುತ್ತಿದ್ದವು.

ಹಾಗೆಂದು ಚಿತ್ರವನ್ನು ಅದರ ಅರ್ಥಕ್ಕಾಗಿ ನೋಡಿ ಎನ್ನುವವರು ನಾವಲ್ಲ. ನೋಡಬೇಕಾದ್ದು ಬೆಳಕನ್ನು. ನೀಲಿ, ಕೆಂಪು, ಹಸಿರು ದೀಪಗಳನ್ನು ಮಂಜಿನೊಳಗೆ ಹಾಯಿಸಿ, ಒಂದೇ ಓಣಿಯನ್ನು ಹತ್ತು ಓಣಿಗಳಂತೆ ಕಾಣಿಸುವ ಚಾತುರ್ಯ ಇವರಿಗಿತ್ತು. ಇಂಗ್ಲೆಂಡಿನ ಹ್ಯಾಮರ್ ಕಂಪನಿಯ ಡ್ರಾಕುಲಾ ಚಿತ್ರಗಳಿಂದ ಕಲಿತ ವಿದ್ಯೆ ಇದು, ಒಪ್ಪಿಕೊಳ್ಳೋಣ. ಬಾಗಿಲು ಕಿರ್ರೆನ್ನುವುದಕ್ಕೂ ತೆರೆಯುವುದಕ್ಕೂ ನಡುವೆ ಎಷ್ಟು ಹೊತ್ತು ಕಾಯಿಸಬೇಕೆಂಬ ಲೆಕ್ಕ ಮಾತ್ರ ಅವರ ಸ್ವಂತದ್ದು. ಇನ್ನು ಸಾಮ್ರಿಯ ಪಾತ್ರದ ಅಜಯ್ ಅಗರವಾಲ್. ರೂರ್ಕಿಯಲ್ಲಿ ಓದಿದ ಸಿವಿಲ್ ಇಂಜಿನಿಯರು, ಆರಡಿ ದಾಟಿದ ಆಳು, ಉದ್ದ ಮುಖ. ಆತ ಓಡುವುದೇ ಇಲ್ಲ. ಬಂದು ನಿಲ್ಲುತ್ತಾನೆ, ಅಷ್ಟೆ.

ಪ್ರಸಾಧನ ಒರಟು, ಮುಖವಾಡದ ಅಂಚು ಕಾಣುತ್ತದೆ ಎಂಬುದು ಹಳೆಯ ಆಕ್ಷೇಪ. ದಕ್ಷಿಣ ಕನ್ನಡದವರು ಈ ಆಕ್ಷೇಪಕ್ಕೆ ನಗಬೇಕು. 'ದೇವಿ ಮಹಾತ್ಮೆ' ಪ್ರಸಂಗದಲ್ಲಿ ಮಹಿಷಾಸುರ ದೊಂದಿಗಳ ಬೆಳಕಿನಲ್ಲಿ ಆರ್ಭಟಿಸುತ್ತ ಜನರ ನಡುವಿನಿಂದಲೇ ರಂಗಸ್ಥಳಕ್ಕೆ ನುಗ್ಗುವಾಗ, ಮುಖದ ಮೇಲಿನ ಚುಟ್ಟಿ ಅಕ್ಕಿಹಿಟ್ಟಿನದೆಂದು ತಿಳಿಯದವರು ಯಾರು? ಆದರೂ ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸುತ್ತವೆ. ದೊಡ್ಡವರೂ ಒಂದಿಷ್ಟು ಹಿಂದೆ ಸರಿಯುತ್ತಾರೆ. ಬಣ್ಣದ ವೇಷಕ್ಕೆ ನಾವು ಕೊಡುವ ಈ ರಿಯಾಯಿತಿಯನ್ನು ಸಾಮ್ರಿಗೆ ಮಾತ್ರ ಏಕೆ ಕೊಡಬಾರದು? ಅವನೂ ಬಣ್ಣದ ವೇಷವೇ.

ವಿರೋಧದ ಮಾತು ಹೇಳುತ್ತೇವೆ ಎಂದಿದ್ದೆವಲ್ಲ. ಹಾಸ್ಯದ ಭಾಗವಂತೂ ಸಹಿಸಲಸಾಧ್ಯ. 'ಶೋಲೆ'ಯ (1975) ಗಬ್ಬರ್ ಸಿಂಗನನ್ನು ಅಣಕಿಸಲು ಜಗದೀಪ್ ಮಚ್ಛರ್ ಸಿಂಗನಾಗಿ ಬಂದು, ದೆವ್ವ ಅಷ್ಟು ಕಷ್ಟಪಟ್ಟು ಕಟ್ಟಿದ ಭಯವನ್ನು ಹತ್ತು ನಿಮಿಷಕ್ಕೊಮ್ಮೆ ಕೆಡವುತ್ತಾರೆ. ಪ್ರೇಕ್ಷಕ ಬರಿಯ ಭಯವನ್ನೇ ಎರಡೂವರೆ ಗಂಟೆ ತಾಳಲಾರನೆಂದು ಹಂಚಿಕೆದಾರರಂತೆ ಸೋದರರೂ ನಂಬಿದ್ದಿರಬೇಕು. ಹೆಣ್ಣುಗಳನ್ನು ಚಿತ್ರಿಸಿದ ರೀತಿ ಇದಕ್ಕಿಂತ ದೊಡ್ಡ ದೋಷ. ಸ್ನಾನದ ದೃಶ್ಯವಿಲ್ಲದೆ ಇವರ ಕಥೆ ಮುಂದೆ ಸಾಗುವುದೇ ಇಲ್ಲ. ಕ್ಯಾಮರಾದ ಕಣ್ಣಿಗೂ ದೆವ್ವದ ಕಣ್ಣಿಗೂ ಅಲ್ಲಿ ವ್ಯತ್ಯಾಸ ಕಾಣದು. ಹೆರಿಗೆಯ ಸಾವಿನಂಥ ಗಾಢವಾದ ಭಯವನ್ನು ಎತ್ತಿಕೊಂಡವರೇ ಆ ದೇಹವನ್ನು ಹೀಗೆ ತೋರಿಸುವುದನ್ನು 'ಅದೇ ಮಜಾ' ಎಂದು ಸಮರ್ಥಿಸುವ ಅಭಿಮಾನಿಗಳ ಜೊತೆ ನಮಗೆ ಸಹಮತವಿಲ್ಲ.

ಈ ಅಭಿಮಾನಿಗಳ ವಿಷಯಕ್ಕೇ ಬರೋಣ. 1980ರಲ್ಲಿ ಅಮೆರಿಕದಲ್ಲಿ ಮೆಡ್ವೆಡ್ ಸೋದರರು ಅತಿ ಕೆಟ್ಟ ಚಿತ್ರಗಳ ಒಂದು ಪುಸ್ತಕ ತಂದು, ಎಡ್ ವುಡ್ ಎಂಬ ಬಡ ನಿರ್ದೇಶಕನ 'ಪ್ಲಾನ್ ನೈನ್ ಫ್ರಂ ಔಟರ್ ಸ್ಪೇಸ್' ಚಿತ್ರಕ್ಕೆ ಕಿರೀಟ ತೊಡಿಸಿದರು. ವುಡ್ 1978ರಲ್ಲೇ ತೀರಿಕೊಂಡಿದ್ದ. ಅಲ್ಲಿಂದೀಚೆಗೆ ಕೆಟ್ಟ ಚಿತ್ರವನ್ನು ಗುಂಪಾಗಿ ನೋಡಿ ನಗುವುದೇ ಒಂದು ನಾಗರಿಕ ಮನರಂಜನೆಯಾಯಿತು. ಅದರ ಅಲೆ ನಮ್ಮಲ್ಲಿಗೂ ಬಂದು, ಇಂದು ರಾಮ್ಸೆ ಚಿತ್ರಗಳ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ನಗೆಯ ವಸ್ತುಗಳಾಗಿ ಹರಿದಾಡುತ್ತಿವೆ. ಅಂದು ತಿರಸ್ಕರಿಸಿದ ವಿಮರ್ಶಕನಿಗೂ ಇಂದು ಚಪ್ಪಾಳೆ ತಟ್ಟಿ ನಗುವ ಯುವಕನಿಗೂ ಸ್ಥಾನ ಒಂದೇ: ಇಬ್ಬರೂ ಕುಳಿತಿರುವುದು ಬಾಲ್ಕನಿಯಲ್ಲಿ. ಕೆಳಗೆ ನೆಲದಲ್ಲಿ ಕುಳಿತು, ದಿನಗೂಲಿಯಲ್ಲಿ ಟಿಕೆಟ್ಟಿಗಷ್ಟು ಎತ್ತಿಟ್ಟು, ನಿಜವಾಗಿ ಹೆದರಿ, ರಾತ್ರಿ ಮನೆಗೆ ಜೊತೆ ಹುಡುಕಿಕೊಂಡು ಹೋದವನ ಅನುಭವವನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅವನು ಮೋಸಹೋದವನಲ್ಲ, ಕೊಟ್ಟ ದುಡ್ಡಿಗೆ ಕೇಳಿದ ವಸ್ತುವನ್ನೇ ಪಡೆದವನು.

ನಮ್ಮವರಲ್ಲೂ ಈ ಇಬ್ಬಗೆ ಇದೆ. ವಿಜಯ್ ನಿರ್ದೇಶನದ 'ನಾ ನಿನ್ನ ಬಿಡಲಾರೆ' (1979) ಚಿತ್ರವನ್ನು ಕನ್ನಡಿಗರು ಮನೆಮಂದಿಯೊಂದಿಗೆ ನೋಡಿದರು, ಈಗಲೂ ನೆನೆಯುತ್ತಾರೆ. ಅಲ್ಲೂ ಸೇಡಿನ ಪ್ರೇತವಿದೆ, ಗಾಳಿಯಿದೆ, ಬದಲಾದ ದನಿಯಿದೆ. ದೆವ್ವ ಹಿಡಿಯುವುದು ಗಂಡಸಿಗೆ ಎಂಬ ಹೊಸತನವೂ ಇದೆ. ಮುಂಬಯಿಯ ರಂಗಭೂಮಿಯಲ್ಲಿ ಪಳಗಿದ ಅನಂತನಾಗ್ ಅದನ್ನು ಬಹಳ ಚೆನ್ನಾಗಿ ನಿಭಾಯಿಸಿದ್ದಾರೆ. ಆದರೆ ರಾಘವೇಂದ್ರ ಸ್ವಾಮಿಗಳ ಮೇಲಿನ ಭಕ್ತಿ ಕಥೆಗೆ ಆಸರೆಯಾಗಿ ನಿಂತಿರುವುದರಿಂದ ಆ ದೆವ್ವ ಮರ್ಯಾದಸ್ಥ ದೆವ್ವವಾಯಿತು, ಸಾಮ್ರಿ ಬೀದಿಯ ದೆವ್ವವಾಗಿ ಉಳಿದ. ಕಲೆಯ ತಕ್ಕಡಿಯಲ್ಲಿ ಕನ್ನಡ ಚಿತ್ರವೇ ಹೆಚ್ಚು ತೂಗುತ್ತದೆ, ನಿಜ. ಅದಕ್ಕೆ ನಾವು ಕೊಟ್ಟ ಅಂಕಗಳಲ್ಲಿ ಎಷ್ಟು ಅಭಿನಯಕ್ಕೆ, ಎಷ್ಟು ಮಂತ್ರಾಲಯಕ್ಕೆ ಎಂಬುದನ್ನು ಬೇರ್ಪಡಿಸಿ ನೋಡಿದವರು ಕಡಿಮೆ.

ಆಸಕ್ತರು 'ಪುರಾನಾ ಮಂದಿರ್' ಆದಮೇಲೆ 'ವೀರಾನಾ' (1988) ನೋಡಬಹುದು. ಅದರಲ್ಲಿ ಸತೀಶ್ ಶಾ 'ಹಿಚ್‌ಕಾಕ್' ಎಂಬ ಹೆಸರಿನ ಸಿನಿಮಾದವನಾಗಿ ಬಂದು ರಾಮ್ಸೆಯವರನ್ನೇ ಗೇಲಿ ಮಾಡುತ್ತಾನೆ. ಅಲ್ಲಿಗೆ ಸೋದರರಿಗೂ ತಮ್ಮ ಮೇಲೆ ನಗು ಹತ್ತಿತ್ತೆಂದು ಕಾಣುತ್ತದೆ, ಭಯ ಅಷ್ಟರಮಟ್ಟಿಗೆ ತೆಳುವಾಗಿದೆ. 'ಬಂದ್ ದರ್ವಾಜಾ' (1990) ಡ್ರಾಕುಲಾನ ದೇಶೀ ಅವತಾರ, ಚೊಕ್ಕ ಕೆಲಸ. 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್' ಚಿತ್ರದ ನಕಲಾದ 'ಮಹಾಕಾಲ್' ಬಿಟ್ಟರೂ ನಷ್ಟವಿಲ್ಲ. 1993ರಲ್ಲಿ ಜೀ ಟಿವಿಗೆ ಹೋದ ಮೇಲೆ ಅವರ ದೆವ್ವಗಳು ಅರ್ಧ ಗಂಟೆಯ ಅಳತೆಗೆ ಕುಗ್ಗಿದವು. ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ ರಾಮ್ಸೆ 2019ರಲ್ಲಿ ತೀರಿಕೊಂಡರು. ಅಗರವಾಲರ ಬಣ್ಣವಿಲ್ಲದ ಮುಖವನ್ನು ನೋಡಬೇಕೆನ್ನುವವರಿಗೆ ಶೇಖರ್ ಕಪೂರರ 'ಬ್ಯಾಂಡಿಟ್ ಕ್ವೀನ್' (1994) ಇದೆ. ಅದರಲ್ಲಿ ಡಕಾಯಿತ ಬಾಬು ಗುಜ್ಜರ್ ಅವರೇ. ಆ ಪಾತ್ರವನ್ನು ಕಂಡು ಯಾರೂ ನಕ್ಕದ್ದನ್ನು ನಾವು ಕೇಳಿಲ್ಲ.